ಅಧ್ಯಕ್ಷರ ಹೆಬ್ಬೆಟ್ಟು

ನಮ್ಮ ಕಟ್ಟಡದ ಹೆಸರು ಪ್ರಗತಿ ಹೈಟ್ಸ್. ಪುತ್ತೂರಿನಿಂದ ಕಬಕಕ್ಕೆ ಹೋಗುವ ದಾರಿಯಲ್ಲಿ ಉಂಟು. ಹೈಟು ಎಂದರೆ ಮೂರು ಮಹಡಿ, ಅದರ ಮೇಲೊಂದು ತಾರಸಿ, ತಾರಸಿಯ ಮೇಲೊಂದು ನೀರಿನ ಟ್ಯಾಂಕು. ಇಷ್ಟಕ್ಕೆ ಒಬ್ಬ ಅಧ್ಯಕ್ಷ ಬೇಕೇ ಎಂದು ಕೇಳಬೇಡಿ. ಬೇಕು ಎಂದು ಯಜ್ಞೇಶ್ವರ ಭಟ್ಟರು ಹೇಳಿದರು, ಆಗಲಿ ಎಂದು ನಾವು ಹೇಳಿದೆವು, ಅವರೇ ಅಧ್ಯಕ್ಷರಾದರು.

ಭಟ್ಟರದ್ದು ಪೇಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಮಾರಾಟದ ಜೊತೆಗೆ ರಿಪೇರಿಯೂ ಇದೆ. ಅವರು ಬಿಚ್ಚಿದ ಪಂಪನ್ನು ಮತ್ತೆ ಜೋಡಿಸಿದ ಮೇಲೆ ಒಂದೆರಡು ಬೋಲ್ಟು ಉಳಿಯದೆ ಇದ್ದದ್ದನ್ನು ನಾನಂತೂ ನೋಡಿಲ್ಲ. ಅವು ಕಂಪೆನಿಯವರು ಹೆಚ್ಚಿಗೆ ಹಾಕಿದ ಬೋಲ್ಟುಗಳು ಎಂದು ಅವರ ನಂಬಿಕೆ. ಯಂತ್ರ ತಪ್ಪುವುದಿಲ್ಲ, ತಪ್ಪುವುದು ಮನುಷ್ಯ ಎಂಬ ಮಾತನ್ನು ಅವರು ಬಂದ ಗಿರಾಕಿಗೆಲ್ಲ ಹೇಳುತ್ತಿದ್ದರು. ಪಂಪು ತಿರುಗದೆ ಇದ್ದಾಗಲೂ ಹೇಳುತ್ತಿದ್ದರು.

ನಾನು ಗೌರೀಶಂಕರ, ನೆಲಮಹಡಿಯವ. ಕಟ್ಟಡದ ಮುಂಬಾಗಿಲು ನನ್ನ ಕಿಟಕಿಯ ಪಕ್ಕದಲ್ಲೇ ಇರುವುದರಿಂದ ಈ ಇತಿಹಾಸ ಪೂರ ನನ್ನ ಕಣ್ಣೆದುರಿಗೇ ನಡೆದದ್ದು. ಒಂಟಿ ಮನುಷ್ಯ, ಊಟ ಹೋಟೆಲಿನದ್ದು. ನೋಡುವುದು ಬಿಟ್ಟರೆ ನನಗೆ ಹೇಳಿಕೊಳ್ಳುವಂಥ ಕೆಲಸವೂ ಇಲ್ಲ.

ಎಲ್ಲದಕ್ಕೂ ಮೂಲ ಭಟ್ಟರು ಮಂಗಳೂರಿನಲ್ಲಿರುವ ಅಳಿಯ ಪ್ರಸನ್ನನ ಫ್ಲ್ಯಾಟಿಗೆ ಹೋದದ್ದು. ವಾಪಸು ಬಂದವರೇ ಸಭೆ ಕರೆದರು.

“ಅವ ಹೆಬ್ಬೆಟ್ಟು ಇಟ್ಟ, ಬಾಗಿಲು ‘ವೆಲ್ಕಮ್ ಪ್ರಸನ್ನ’ ಅಂತ ಹೇಳಿತು. ನಮ್ಮ ಬಾಗಿಲು ಇಷ್ಟು ವರ್ಷದಲ್ಲಿ ಯಾರಿಗಾದರೂ ಒಂದು ಮಾತು ಹೇಳಿದ್ದುಂಟಾ? ನಮಗೂ ಒಂದು ಮರ್ಯಾದೆ ಬೇಡವಾ ಮಾರಾಯ್ರೆ?”

ಮೂರನೇ ಮಹಡಿಯ ಬೆಳ್ಯಪ್ಪ ಗೌಡರು ಎದ್ದು ನಿಂತರು. ಮೂಲದಲ್ಲಿ ಮರ್ಕಂಜದವರು, ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು.

“ಭಟ್ರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುದು ಕಳ್ಳರದ್ದು. ನಾನೇ ಎಷ್ಟು ಜನರದ್ದು ಒತ್ತಿಸಿದ್ದೇನೆ ಅಂತ ಲೆಕ್ಕ ಇಲ್ಲ. ಈಗ ನನ್ನ ಮನೆಗೆ ನಾನು ಹೋಗ್ಲಿಕ್ಕೆ ನನ್ನದೇ ಒತ್ತುದಾ?”

“ಕಳ್ಳ ಬಂದರೆ ಎಂತ ಮಾಡುದು ಗೌಡ್ರೆ?”

“ಇಲ್ಲಿ ಕದಿಲಿಕ್ಕೆ ಎಂತ ಉಂಟು ಮಾರಾಯ್ರೆ? ತಾರಸಿಯಲ್ಲಿ ಹೆಂಗಸರು ಒಣಗಿಸುವ ಹಪ್ಪಳ ಒಂದು ಬಿಟ್ಟರೆ?”

ಎಲ್ಲರೂ ನಕ್ಕರು. ಆದರೆ ಭಟ್ಟರು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು, ಹಾಗಾದರೆ ತಾರಸಿಯ ಬಾಗಿಲಿಗೂ ಒಂದು ಯಂತ್ರ ಇರಲಿ ಎಂದರು. ಚಾ ತಣ್ಣಗಾಗುತ್ತಿದ್ದುದರಿಂದ ನಾವು ಎರಡಕ್ಕೂ ಕೈ ಎತ್ತಿದೆವು. ಜೊತೆಗೆ ಒಂದು ನಿರ್ಣಯವೂ ಆಯಿತು. ಯಾರು ಬಂದರು, ಯಾರು ಹೋದರು ಎಂಬುದರಲ್ಲಿ ಯಂತ್ರ ಹೇಳಿದ್ದೇ ಕೊನೆಯ ಮಾತು, ಅದರ ಮೇಲೆ ಯಾರೂ ಮಾತಾಡುವಂತಿಲ್ಲ. ಈ ಸಾಲು ಭಟ್ಟರ ಸ್ವಂತದ್ದು.

ಯಂತ್ರ ಕೂರಿಸಲು ಮಂಗಳೂರಿನಿಂದ ಉಲ್ಲಾಸ್ ಎಂಬ ಮೆಕ್ಯಾನಿಕ್ ಬಂದ ದಿನ ಕಟ್ಟಡದ ಹೆಂಗಸರೆಲ್ಲ ಹಲಸಿನಕಾಯಿಯ ಮಧ್ಯೆ ಇದ್ದರು. ಮಳೆಗಾಲಕ್ಕೆ ಮೊದಲು ಹಪ್ಪಳದ ಕೆಲಸ ಮುಗಿಯಬೇಕು. ಭಟ್ಟರ ಹೆಂಡತಿ ಶಂಕರಿಯಕ್ಕ ಗಂಡನನ್ನೂ ಬಿಡದೆ ಸೊಳೆ ಬಿಡಿಸಲು ಕೂರಿಸಿದ್ದರು. ಕೈಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಅವರು ಹೇಳಿದ್ದಕ್ಕೆ, ಹಲಸಿನ ಮೇಣದ ಅಂಟಿಗೆ ಹೆದರುವವ ನಾನಲ್ಲ ಎಂದು ಭಟ್ಟರು ಹೇಳಿದ್ದು ಕೆಳಗಿನವರೆಗೆ ಕೇಳಿಸಿತ್ತು. ಯಂತ್ರ ಬಂತು ಎಂದದ್ದೇ ತಡ, ಇದ್ದ ಹಾಗೆಯೇ ಇಳಿದು ಬಂದರು. ಬಲಗೈ ಹೆಬ್ಬೆಟ್ಟಿನ ಮೇಲೆ ಮೇಣ ಒಣಗಿ, ಅದರ ಮೇಲೆ ಇನ್ನಷ್ಟು ಮೇಣ ಕೂತು, ಚರ್ಮ ಎಲ್ಲಿದೆ ಎಂದು ಹುಡುಕಬೇಕಾಗಿತ್ತು.

“ಅಣ್ಣ, ಕೈ ತೊಳ್ದು ಬನ್ನಿ” ಎಂದ ಉಲ್ಲಾಸ್.

“ಮೊದಲನೇ ಬೆರಳು ಅಧ್ಯಕ್ಷನದ್ದು. ತೊಳೆಯುವಷ್ಟರಲ್ಲಿ ಬೇರೆ ಯಾರಾದರೂ ಇಟ್ಟರೆ?”

“ಇದು ಹಿಡಿಯುದಿಲ್ಲ ಅಣ್ಣ.”

“ಹಿಡಿಯದೆ ಎಂತ? ದುಡಿಯುವ ಕೈ ಇದು.”

ಯಂತ್ರ ಸುಮಾರು ಹೊತ್ತು ಬೇಡ ಬೇಡ ಎಂದಿತು. ಭಟ್ಟರು ಬಿಡಲಿಲ್ಲ, ಒತ್ತಿಯೇ ಒತ್ತಿದರು. ಕೊನೆಗೆ ಅದಕ್ಕೂ ಸಾಕಾಗಿರಬೇಕು, “ವೆಲ್ಕಮ್, ಯಜ್ಞೇಶ್ವರ” ಎಂದಿತು. ಭಟ್ಟರು ಸುತ್ತ ನಿಂತವರನ್ನು ಒಮ್ಮೆ ನೋಡಿದರು. ಅಷ್ಟು ಚಂದದ ಮುಖ ಅವರ ಮದುವೆಯ ಫೋಟೋದಲ್ಲೂ ಇಲ್ಲ. ಉಳಿದವರಿಗೆಲ್ಲ ಉಲ್ಲಾಸ್ ಸಾಬೂನು ಕೊಟ್ಟು ಕೈ ತೊಳೆಸಿಯೇ ಬೆರಳು ತೆಗೆದುಕೊಂಡ. ಇಲ್ಲಿ ಕೊಟ್ಟ ಬೆರಳೇ ತಾರಸಿಯ ಯಂತ್ರಕ್ಕೂ ಸಾಕು ಎಂದ.

ಮರುದಿನದಿಂದ ರಗಳೆ ಶುರುವಾಯಿತು. ಬೆಳ್ಯಪ್ಪ ಗೌಡರ ಹೆಬ್ಬೆಟ್ಟು ಒಣಕಲು. ಯಂತ್ರಕ್ಕೆ ಅದು ಒಮ್ಮೆ ಕಂಡರೆ ಹತ್ತು ಸಲ ಕಾಣುವುದಿಲ್ಲ. ಒಂದು ಮಧ್ಯಾಹ್ನ ಅವರು ಎರಡು ಕೈಯಲ್ಲೂ ಚೀಲ ಹಿಡಿದು, ಬಿಸಿಲಿನಲ್ಲಿ ಬೆವರಿಳಿಸುತ್ತಾ ಗಾಜಿನ ಬಾಗಿಲಿನ ಹೊರಗೆ ನಿಂತಿದ್ದರು. ಯಂತ್ರ “ಪ್ಲೀಸ್ ಟ್ರೈ ಅಗೈನ್” ಎನ್ನುತ್ತಲೇ ಇತ್ತು. ಒಳಗಿನಿಂದ ಬಾಗಿಲಿಗೆ ಒಂದು ಗುಂಡಿ ಇದೆ, ಒತ್ತಿದರೆ ತೆರೆಯುತ್ತದೆ. ನಾನು ಅದಕ್ಕೆ ಕೈ ಹಾಕುವಷ್ಟರಲ್ಲಿ ಭಟ್ಟರು ಮೆಟ್ಟಿಲಿಳಿದು ಬಂದು ಅಡ್ಡ ನಿಂತರು.

“ಬೇಡ ಗೌರೀಶಂಕರಣ್ಣ. ಯಂತ್ರ ಒಪ್ಪಲಿಲ್ಲವಲ್ಲ.”

“ನಾನು ಬೆಳ್ಯಪ್ಪ ಅಂತ ನಿಮಗೆ ಗೊತ್ತಿಲ್ವಾ ಭಟ್ರೆ?” ಗೌಡರು ಗಾಜಿನ ಆಚೆಯಿಂದ ಕೇಳಿದರು.

“ನನಗೆ ಗೊತ್ತುಂಟು. ಯಂತ್ರಕ್ಕೆ ಗೊತ್ತಾಗಬೇಕಲ್ಲ.”

ಕೊನೆಗೆ ಗೌಡರ ಹೆಂಡತಿ ದುಗ್ಗಮ್ಮಕ್ಕ ಇಳಿದು ಬಂದು, ಅಧ್ಯಕ್ಷರನ್ನು ಕಣ್ಣೆತ್ತಿಯೂ ನೋಡದೆ ಬಾಗಿಲು ತೆರೆದರು. ಗೌಡರು ಒಂದು ಮಾತೂ ಆಡದೆ ಮೇಲೆ ಹೋದರು. ಪೊಲೀಸಿನವರು ಮಾತಾಡದೆ ಹೋದರೆ ಅದನ್ನು ಒಳ್ಳೆಯ ಲಕ್ಷಣ ಎಂದು ತಿಳಿಯಬಾರದು.

ಭಟ್ಟರಿಗೆ ಮಾತ್ರ ಯಂತ್ರದ ತೊಂದರೆ ಇರಲಿಲ್ಲ. ಹಲಸಿನ ಕೆಲಸ ದಿನವೂ ಇದ್ದುದರಿಂದ ಮೇಣವೂ ದಿನವೂ ಹೆಬ್ಬೆಟ್ಟಿನ ಮೇಲೆ ಇರುತ್ತಿತ್ತು, ಯಂತ್ರ ದಿನವೂ ವೆಲ್ಕಮ್ ಎನ್ನುತ್ತಿತ್ತು.

ಹೀಗಿರುವಾಗ ಒಂದು ಗುರುವಾರ ದುಗ್ಗಮ್ಮಕ್ಕನ ಹಪ್ಪಳ ಮಾಯವಾಯಿತು.

ಸಾಮಾನ್ಯ ಹಪ್ಪಳವಲ್ಲ. ಅವರ ಮಗಳು ಭವಿತಾ ಮಂಗಳೂರಿನಲ್ಲಿ ಬಸುರಿ. ತಿಂದದ್ದು ಯಾವುದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅವಳಿಗೆ ಮರ್ಕಂಜದ ಮನೆಯ ಹಿಂದಿನ ಮರದ ಹಲಸಿನ ಹಪ್ಪಳವೇ ಬೇಕು, ಬೇರೆ ಬೇಡ. ಆ ವರ್ಷ ಮರದಲ್ಲಿ ಬಿಟ್ಟದ್ದೇ ಕಡಿಮೆ. ಇದ್ದದ್ದನ್ನೆಲ್ಲ ತರಿಸಿ, ಬೇಯಿಸಿ, ಗುದ್ದಿ, ಒತ್ತಿ, ತಾರಸಿಯಲ್ಲಿ ಚಾಪೆ ಹಾಸಿ ಇಟ್ಟು, ದುಗ್ಗಮ್ಮಕ್ಕ ಪೇಟೆಗೆ ಹೋಗಿದ್ದರು. ನಡು ಮಧ್ಯಾಹ್ನ ಗುಡುಗಿ ಒಂದು ಮಳೆ ಹೊಡೆಯಿತು. ಅವರು ಓಡುತ್ತಾ ಬಂದು ನೋಡಿದರೆ ಚಾಪೆ ಒದ್ದೆಯಾಗಿ ಬಿದ್ದಿದೆ, ಹಪ್ಪಳ ಒಂದೂ ಇಲ್ಲ. ಕೂಡಲೇ ಅವರಿಗೆ ಅಳುವೇ ಬಂತು.

ಬೆಳ್ಯಪ್ಪ ಗೌಡರು ಅಳಲಿಲ್ಲ. ಅವರ ಮನೆಯ ಬಾಗಿಲು ತಾರಸಿಯ ಬಾಗಿಲಿಗೆ ತಾಗಿಕೊಂಡೇ ಇದೆ. ಮಳೆಗೆ ಸ್ವಲ್ಪ ಮೊದಲು, ಮಲಗಿದ್ದಲ್ಲಿಂದಲೇ, ಅವರು ತಮ್ಮ ಕಿವಿಯಾರೆ ಕೇಳಿದ್ದರು. ತಾರಸಿಯ ಯಂತ್ರ ಸ್ಪಷ್ಟವಾಗಿ “ವೆಲ್ಕಮ್, ಯಜ್ಞೇಶ್ವರ” ಎಂದಿತ್ತು.

ಸಂಜೆ ಭಟ್ಟರು ಬರುವಾಗ ಮುಂಬಾಗಿಲಿನ ಒಳಗೆ ಕಟ್ಟಡವೇ ನೆರೆದಿತ್ತು. ಗೌಡರು ಕುರ್ಚಿ ಹಾಕಿ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿಯನ್ನೂ ಹಾಕಿದ್ದರು.

“ಮಧ್ಯಾಹ್ನ ಎಲ್ಲಿದ್ರಿ ಭಟ್ರೆ?”

“ಕಡಬದಲ್ಲಿ. ಒಬ್ಬರ ತೋಟದ ಪಂಪು ಇಳಿಸ್ಲಿಕ್ಕೆ ಇತ್ತು. ಬೆಳಿಗ್ಗೆ ಹೋದವ ಈಗ ಬರುದು.”

“ಸಾಕ್ಷಿ ಉಂಟಾ?”

“ಎಂಟು ಜನ ಹಗ್ಗ ಹಿಡಿದಿದ್ದರು. ಎಂತ ವಿಷಯ?”

ಗೌಡರು ವಿಷಯ ಹೇಳಿದರು. ಯಂತ್ರ ಭಟ್ಟರ ಹೆಸರು ಹೇಳಿದ್ದನ್ನು ಎರಡು ಸಲ ಹೇಳಿದರು. ಆಮೇಲೆ ಬಹಳ ಮೃದುವಾಗಿ ಕೇಳಿದರು.

“ಹಾಗಾದರೆ ಯಂತ್ರ ಸುಳ್ಳು ಹೇಳಿತಾ ಅಧ್ಯಕ್ಷರೆ? ಹೌದು ಅಂತ ಒಂದು ಮಾತು ಹೇಳಿ, ಸಾಕು. ನಾವೇ ಕಿತ್ತು ಹಾಕುವಾ.”

ನನಗೆ ಆಗ ಅರ್ಥವಾಯಿತು. ಗೌಡರಿಗೆ ಬೇಕಾದದ್ದು ಕಳ್ಳನಲ್ಲ, ಯಂತ್ರದ ತಲೆ. ಭಟ್ಟರಿಗೂ ಅದು ಅರ್ಥವಾಯಿತು ಎಂದು ಕಾಣುತ್ತದೆ. ಅವರು ಯಂತ್ರವನ್ನು ನೋಡಿದರು, ಗೌಡರನ್ನು ನೋಡಿದರು. ಅವರ ಕುತ್ತಿಗೆ ನಿಧಾನಕ್ಕೆ ನೆಟ್ಟಗಾಯಿತು.

“ಯಂತ್ರ ಸುಳ್ಳು ಹೇಳುದಿಲ್ಲ.”

“ಅಂದರೆ?”

“ಅಂದರೆ ನಾನೇ ತೆಗೆದಿರಬೇಕು.”

“ಕಡಬದಲ್ಲಿ ಇದ್ದುಕೊಂಡಾ?”

“ಹೌದು.”

“ಹೇಗೆ ಬಂದ್ರಿ ಮತ್ತೆ?”

“ಹೇಗೆ ಬಂದೆ ಅಂತ ನನಗೆ ಗೊತ್ತಿಲ್ಲ. ಬಂದದ್ದು ಹೌದು. ಯಂತ್ರ ಹೇಳಿದ ಮೇಲೆ ನಾನು ಬರಲಿಲ್ಲ ಅಂತ ಹೇಳ್ಲಿಕ್ಕೆ ನಾನು ಯಾರು?”

ಇಲಾಖೆಯಲ್ಲಿ ಇಡೀ ಜೀವನ ಕಳೆದ ಗೌಡರಿಗೆ ಇಂಥ ಆರೋಪಿ ಸಿಕ್ಕಿರಲಿಲ್ಲ. ಕದ್ದವರೆಲ್ಲ ಇಲ್ಲ ಎನ್ನುವುದನ್ನು ಅವರು ನೋಡಿದ್ದರು. ಎಂಟು ಜನರ ಸಾಕ್ಷಿ ಇಟ್ಟುಕೊಂಡು ಹೌದು ಎನ್ನುವವನನ್ನು ಎಂತ ಮಾಡುವುದು? ಕೊನೆಗೆ ಅವರೇ ತೀರ್ಪು ಹೇಳಿದರು. ಆದಿತ್ಯವಾರ ಸಭೆ. ಅಲ್ಲಿ ಭಟ್ಟರು ಒಂದೋ ಯಂತ್ರ ಸುಳ್ಳು ಎಂದು ಒಪ್ಪಬೇಕು, ಇಲ್ಲದಿದ್ದರೆ ಎಲ್ಲರ ಎದುರು ದುಗ್ಗಮ್ಮನ ಕ್ಷಮೆ ಕೇಳಿ, ಅಷ್ಟೂ ಹಪ್ಪಳ ತುಂಬಿಕೊಟ್ಟು, ಅಧ್ಯಕ್ಷಗಿರಿ ಬಿಡಬೇಕು.

“ಬಿಡುವಾ” ಎಂದರು ಭಟ್ಟರು. “ಯಂತ್ರವನ್ನು ಮಾತ್ರ ಬಿಡ್ಲಿಕ್ಕಿಲ್ಲ.”

ಇದನ್ನು ಕೇಳಿ ಶಂಕರಿಯಕ್ಕನಿಗೆ ಬಂದ ಸಿಟ್ಟನ್ನು ವರ್ಣಿಸಲು ನನ್ನಿಂದ ಆಗದು. ಕಟ್ಟಡದಲ್ಲಿ ಹಪ್ಪಳಕ್ಕೆ ಅವರದ್ದೇ ಮೊದಲ ಹೆಸರು. ನರಿಮೊಗರಿನ ತವರಿನವರು ಕೂಡ ಅವರ ಕೈಯ ಹಪ್ಪಳವನ್ನೇ ಒಯ್ಯುವುದು. ಅಂಥವರ ಮನೆಯಲ್ಲಿ ಕದ್ದ ಹಪ್ಪಳ.

“ನನ್ನ ಡಬ್ಬದಿಂದ ಒಂದು ಚೂರೂ ಕೊಡುದಿಲ್ಲ” ಎಂದು ಅವರು ಮೆಟ್ಟಿಲಲ್ಲೇ ನಿಂತು ಗಂಡನಿಗೆ ಹೇಳಿದರು. “ಕೊಟ್ಟರೆ ಕದ್ದದ್ದು ಹೌದು ಅಂತ ಆಗ್ತದೆ. ನೀವು ಕಳ್ಳ ಆಗಿ, ಅಡ್ಡಿ ಇಲ್ಲ. ನಾನು ಕಳ್ಳನ ಹೆಂಡತಿ ಆಗುದಿಲ್ಲ.”

“ಅದು ಹೇಗೆ ಶಂಕರಿ?”

“ಹೇಗೆ ಅಂತ ನಿಮ್ಮ ಯಂತ್ರವನ್ನು ಕೇಳಿ.”

ಸುದ್ದಿ ನಿಲ್ಲಲಿಲ್ಲ. ಮಂಗಳೂರಿನಿಂದ ಪ್ರಸನ್ನ ಫೋನು ಮಾಡಿ, ಮಾವ, ಹಪ್ಪಳ ಬೇಕಿದ್ದರೆ ನಾನು ಅಂಗಡಿಯಿಂದ ಕಳಿಸುತ್ತಿದ್ದೆನಲ್ಲ ಎಂದ. ಕಡಬದ ತೋಟದವರು, ಭಟ್ರು ಇಲ್ಲೇ ಇದ್ದದ್ದು, ಬೇಕಾದರೆ ಹಗ್ಗ ಹಿಡಿದವರೆಲ್ಲ ಜೀಪು ಮಾಡಿಕೊಂಡು ಬಂದು ಹೇಳುತ್ತೇವೆ ಎಂದರು. ದಯವಿಟ್ಟು ಬರಬೇಡಿ ಎಂದು ಭಟ್ಟರು ಅವರಿಗೆ ಕೈ ಮುಗಿದು ಹೇಳಬೇಕಾಯಿತು. ತನ್ನ ಮೇಲಿನ ಆರೋಪವನ್ನು ಉಳಿಸಿಕೊಳ್ಳಲು ಒಬ್ಬ ಮನುಷ್ಯ ಇಷ್ಟು ಕಷ್ಟಪಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೆ ಶನಿವಾರ ಸಂಜೆ ಅಂಗಡಿಯಿಂದ ಬಂದವರು ನನ್ನ ಕಿಟಕಿಯ ಹತ್ತಿರ ನಿಂತರು. ಮುಖ ಬಾಡಿತ್ತು.

“ಗೌರೀಶಂಕರಣ್ಣ, ಅಂಗಡಿಗೆ ಬಂದವರೆಲ್ಲ ಹಪ್ಪಳದ ವಿಷಯವೇ ಕೇಳುದು. ಇಷ್ಟು ವರ್ಷ ಮಾಡಿದ ಹೆಸರು ಮಾರಾಯ್ರೆ.”

“ಹಾಗಾದರೆ ಯಂತ್ರ ತಪ್ಪು ಅಂತ ಹೇಳಿಬಿಡಿ.”

“ಅದು ಆಗ್ಲಿಕ್ಕಿಲ್ಲ” ಎಂದವರೇ ಮೇಲೆ ಹೋದರು.

ಆದಿತ್ಯವಾರ ಮುಂಬಾಗಿಲಿನ ಒಳಗೆ ಸಭೆ ಸೇರಿತು. ಗೌಡರದ್ದು ಮತ್ತೆ ಇಸ್ತ್ರಿಯ ಅಂಗಿ. ದುಗ್ಗಮ್ಮಕ್ಕ ಗೋಡೆಗೆ ಒರಗಿ ನಿಂತಿದ್ದರು. ಶಂಕರಿಯಕ್ಕ ಹಲಸು ಬಿಡಿಸುವುದನ್ನು ಅರ್ಧಕ್ಕೆ ಬಿಟ್ಟು ಇಳಿದು ಬಂದಿದ್ದರು. ಕಾಯಿಯ ಮೇಣ ಒರೆಸಿ ಸುತ್ತಿದ ಕಡ್ಡಿ ಕೈಯಲ್ಲಿ ಹಾಗೇ ಇತ್ತು. ಭಟ್ಟರು ಮಾತ್ರ ಕೈಗೆ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ, ಸ್ನಾನ ಮಾಡಿ, ಶುಭ್ರವಾಗಿ ಬಂದಿದ್ದರು. ಗಲ್ಲಿಗೆ ಹೋಗುವವನ ಗಾಂಭೀರ್ಯ ಅವರ ಮುಖದಲ್ಲಿತ್ತು.

ಅವರು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಆಟೋ ನಿಂತಿತು. ಎರಡನೇ ಮಹಡಿಯ ಹಂಝ ಮತ್ತು ಅವನ ಹೆಂಡತಿ ಸಫೂರಾ, ಸುಳ್ಯದಲ್ಲಿ ಸಂಬಂಧಿಕರ ಮದುವೆ ಮುಗಿಸಿ ಬಂದಿದ್ದರು. ಗುರುವಾರ ಹೋದವರು ಈಗ ಬರುತ್ತಿದ್ದಾರೆ. ಸಫೂರಾ ಎಲ್ಲರನ್ನೂ ನೋಡಿ ಗಾಬರಿಯಾದಳು.

“ಎಂತ ಆಯ್ತು? ಯಾರಿಗಾದ್ರೂ ಹುಷಾರಿಲ್ವಾ?”

“ದುಗ್ಗಮ್ಮನ ಹಪ್ಪಳ ಹೋಯ್ತು” ಎಂದರು ಗೌಡರು.

“ಎಲ್ಲಿಗೆ ಹೋಗುದು? ನಮ್ಮ ಮನೆಯಲ್ಲಿ ಉಂಟಲ್ಲ.”

ದುಗ್ಗಮ್ಮಕ್ಕ ಗೋಡೆ ಬಿಟ್ಟು ಮುಂದೆ ಬಂದರು. ಸಫೂರಾ ಮುಂದುವರಿಸಿದಳು.

“ಮೋಡ ಕಟ್ಟಿತಲ್ಲ ದುಗ್ಗಮ್ಮಕ್ಕ, ನಿಮ್ಮದು ಮೇಲೆ ಹಾಗೇ ಇತ್ತು. ಓಡಿ ಹೋಗಿ ಒಟ್ಟು ಮಾಡಿ ತಂದು, ನಮ್ಮ ಕೋಣೆಯಲ್ಲಿ ಹರಡಿ ಫ್ಯಾನ್ ಹಾಕಿದ್ದೇನೆ. ನಿಮ್ಮ ಬೆಲ್ ಹೊಡೆಯುವಾ ಅಂದ್ರೆ ಗೌಡ್ರು ಮಲಗುವ ಹೊತ್ತು, ಎಬ್ಬಿಸುದು ಬೇಡ ಅಂತ ಬಂದೆ. ಫೋನ್ ಮಾಡಿ ಹೇಳಿ ಅಂತ ಇವರಿಗೆ ಹೇಳಿದ್ದೆ.”

ಎಲ್ಲರೂ ಹಂಝನನ್ನು ನೋಡಿದರು. ಹಂಝ ಮೇಲಿನ ಫ್ಯಾನನ್ನು ನೋಡಿದ.

“ಹೇಳಿದ್ದು ಹೌದು” ಎಂದ. “ಮದುವೆ ಗಡಿಬಿಡಿಯಲ್ಲಿ ಬಿಟ್ಟೇ ಹೋಯ್ತು.”

ಮಳೆ ಬಂದರೆ ಯಾರದ್ದೇ ಹಪ್ಪಳವಿರಲಿ, ಹತ್ತಿರ ಇದ್ದವರು ತೆಗೆದಿಡುವುದು ನಮ್ಮಲ್ಲಿ ಇರುವ ರೀತಿಯೇ. ಅದಕ್ಕೆ ಯಾರೂ ಥ್ಯಾಂಕ್ಸ್ ಕೂಡ ಹೇಳುವುದಿಲ್ಲ. ಯಂತ್ರ ಬಂದ ಮೇಲೆ ನಮಗೆ ಅದು ಮರೆತೇ ಹೋಗಿತ್ತು. ಆದರೆ ಗೌಡರ ತನಿಖೆ ಮುಗಿದಿರಲಿಲ್ಲ.

“ತಾರಸಿಯ ಬಾಗಿಲು ಯಾರು ತೆಗೆದದ್ದು?”

“ನಾನೇ. ಹಲಸು ಬಿಡಿಸ್ತಾ ಇದ್ದವಳು ಹಾಗೇ ಓಡಿದ್ದು. ಬೆರಳಿಟ್ಟೆ, ತೆರೆಯಿತು.”

“ಅದು ಎಂತ ಹೇಳಿತು?”

“ವೆಲ್ಕಮ್ ಯಜ್ಞೇಶ್ವರ ಅಂತ. ಮೇಣದ ಕೈಯಲ್ಲಿ ಇಟ್ಟಾಗೆಲ್ಲ ಅದು ಹಾಗೇ ಹೇಳುದು. ನಾನು ಎಂತ ಎಣಿಸಿದ್ದು ಅಂದ್ರೆ, ಬಸ್‌ಸ್ಟ್ಯಾಂಡಿಗೆ, ನೀರಿನ ಟ್ಯಾಂಕಿಗೆಲ್ಲ ಕಟ್ಟಿಸಿದವರ ಹೆಸರು ಇರ್ತದಲ್ಲ, ಹಾಗೆ ಅಧ್ಯಕ್ಷರು ಇದರಲ್ಲಿ ತಮ್ಮ ಹೆಸರು ಹಾಕಿಸಿದ್ದಾರೆ ಅಂತ.”

“ನನಗೂ ಹಾಗೇ ಹೇಳುದು” ಎಂದರು ಶಂಕರಿಯಕ್ಕ ನಿಧಾನವಾಗಿ. “ಹೆಂಡತಿಯಲ್ಲವಾ, ಅದಕ್ಕೆ ಗಂಡನ ಹೆಸರು ಹೇಳ್ತದೆ ಅಂತ ಎಣಿಸಿದ್ದೆ.”

ಬೆಳ್ಯಪ್ಪ ಗೌಡರು ಕುರ್ಚಿಯಿಂದ ಎದ್ದರು. ಶಂಕರಿಯಕ್ಕನ ಕೈಯಿಂದ ಮೇಣದ ಕಡ್ಡಿ ಇಸಿದುಕೊಂಡು, ತಮ್ಮ ಒಣಕಲು ಹೆಬ್ಬೆಟ್ಟಿಗೆ ಧಾರಾಳವಾಗಿ ಹಚ್ಚಿದರು. ಸ್ವಲ್ಪ ಊದಿ ಒಣಗಿಸಿಕೊಂಡರು. ಹೊರಗೆ ಹೋಗಿ ಯಂತ್ರದ ಮೇಲೆ ಒತ್ತಿದರು.

“ವೆಲ್ಕಮ್, ಯಜ್ಞೇಶ್ವರ.”

ಒಂದು ದಿನವೂ ಅವರನ್ನು ನೆಟ್ಟಗೆ ಒಪ್ಪದ ಯಂತ್ರ, ಒಂದೇ ಸಲಕ್ಕೆ ಅವರನ್ನು ಅಧ್ಯಕ್ಷರೆಂದು ಒಪ್ಪಿಕೊಂಡಿತು. ಆಮೇಲೆ ತಡೆಯುವವರಿರಲಿಲ್ಲ. ಹಂಝ ಯಜ್ಞೇಶ್ವರನಾದ. ದುಗ್ಗಮ್ಮಕ್ಕ ಯಾವಾಗಲೂ ಎಣ್ಣೆ ಹಚ್ಚಿಕೊಂಡೇ ಹಲಸು ಮುಟ್ಟುವವರು, ಅವರೂ ಇವತ್ತು ಮೇಣ ಹಚ್ಚಿ ಯಜ್ಞೇಶ್ವರರಾದರು. ಜನ್ಮದಲ್ಲಿ ಹಲಸು ಬಿಡಿಸದ ನಾನೂ ಆದೆ.

“ಈಗ ಹೇಳಿ ಭಟ್ರೆ” ಎಂದರು ಗೌಡರು. “ಯಂತ್ರ ಸುಳ್ಳು ಹೇಳಿತಾ ಇಲ್ವಾ?”

ಭಟ್ಟರು ಎದೆ ಮುಂದೆ ಮಾಡಿದರು.

“ಎಲ್ಲಿ ಸುಳ್ಳು? ಅದಕ್ಕೆ ತೋರಿಸಿದ್ದು ಮೇಣ, ಅದು ಗುರುತು ಹಿಡಿದದ್ದು ಮೇಣ. ಯಂತ್ರದ್ದು ಎಂತ ತಪ್ಪು? ನಿಜವಾದ ಯಜ್ಞೇಶ್ವರ ಹೋದರೆ ನಿಜವಾದ ವೆಲ್ಕಮ್ಮೇ ಹೇಳ್ತದೆ. ನೋಡಿ ಬೇಕಾದರೆ.”

ಎಲ್ಲರನ್ನೂ ಸರಿಸಿಕೊಂಡು ಹೊರಗೆ ಹೋದರು. ಅವರ ಹಿಂದೆ ಗಾಜಿನ ಬಾಗಿಲು ತಾನಾಗಿ ಮುಚ್ಚಿತು. ಎಣ್ಣೆ ಹಾಕಿ ತೊಳೆದ ಶುಭ್ರ ಹೆಬ್ಬೆಟ್ಟನ್ನು ಎತ್ತಿ ನಮಗೆಲ್ಲ ತೋರಿಸಿ, ಯಂತ್ರದ ಮೇಲೆ ಇಟ್ಟರು.

“ಪ್ಲೀಸ್ ಟ್ರೈ ಅಗೈನ್.”

ಒರೆಸಿಕೊಂಡು ಇಟ್ಟರು. ಎಡಗೈಯದ್ದು ಇಟ್ಟರು. ಪಂಪಿಗೆ ಹೊಡೆಯುವ ಹಾಗೆ ಯಂತ್ರದ ಪಕ್ಕೆಗೆ ಒಂದು ಹೊಡೆದು ಇಟ್ಟರು. ಒಳಗೆ ಇದ್ದವರೆಲ್ಲ ಯಜ್ಞೇಶ್ವರರು. ಹೊರಗೆ ಇದ್ದವರೊಬ್ಬರು ಮಾತ್ರ ಅಲ್ಲ. ಅಷ್ಟರಲ್ಲಿ ಮಳೆಯೂ ಬಂತು.

ಗೌಡರು ಗಾಜಿನ ಹತ್ತಿರ ಹೋಗಿ, ಎರಡೂ ಕೈ ಹಿಂದೆ ಕಟ್ಟಿ ನಿಂತರು. ಈ ಮಾತನ್ನು ಅವರು ಎಷ್ಟು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದರೋ ಏನೋ.

“ಯಂತ್ರ ಒಪ್ಪಲಿಲ್ಲವಲ್ಲ ಭಟ್ರೆ.”

“ಒಪ್ಪದಿದ್ದರೆ ಬೇಡ. ನಾನು ಇಲ್ಲೇ ನಿಲ್ತೇನೆ.”

ಶಂಕರಿಯಕ್ಕ ಬಾಗಿಲಿನ ಸಂದಿಯಿಂದ ಮೇಣದ ಕಡ್ಡಿಯನ್ನು ಹೊರಗೆ ತೂರಿಸಿದರು.

“ಸ್ವಲ್ಪ ಹಚ್ಚಿಕೊಂಡು ಬನ್ನಿ. ಮಳೆಯಲ್ಲಿ ಚಂಡಿಯಾಗಿ ಜ್ವರ ಬಂದರೆ ನಾನೇ ನೋಡಬೇಕಷ್ಟೆ.”

“ಮೇಣ ಹಚ್ಚಿ ಯಾರು ಬೇಕಾದರೂ ಯಜ್ಞೇಶ್ವರ ಆಗ್ತಾನೆ. ನಾನು ಹಚ್ಚುದಿಲ್ಲ. ನಾನು ನಾನಾಗಿಯೇ ಬರುದು.”

ಮಳೆ ಜೋರಾಯಿತು. ಸ್ನಾನ ಮಾಡಿ ಬಾಚಿದ್ದ ತಲೆಯಿಂದ ನೀರು ಇಳಿಯುತ್ತಿತ್ತು. ಆದರೂ ಹೆಬ್ಬೆಟ್ಟು ಎತ್ತಿದ್ದು ಎತ್ತಿದ ಹಾಗೆಯೇ ಇತ್ತು. ನಗುತ್ತಿದ್ದವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ನಿಜ ಹೇಳಬೇಕೆಂದರೆ, ಆ ಮನುಷ್ಯನ ಮೇಲೆ ನನಗೆ ಆಗ ಪ್ರೀತಿಯೇ ಬಂತು.

ಈ ನಡುವೆ ದುಗ್ಗಮ್ಮಕ್ಕ ಸಫೂರಾಳ ಜೊತೆ ಮೇಲೆ ಹೋಗಿದ್ದರು. ಹಪ್ಪಳ ಸರಿಯಾಗಿ ಒಣಗಿದೆಯಾ ಎಂದು ನೋಡಲು ಅಲ್ಲಿಯೇ ನಾಲ್ಕು ಕರಿದು, ತಟ್ಟೆಯಲ್ಲಿ ಹಿಡಿದುಕೊಂಡು ಇಳಿದು ಬಂದರು. ಗಾಜಿನ ಆಚೆ ಭಟ್ಟರನ್ನು ನೋಡಿದರು. ಗಂಡನನ್ನೂ ನೋಡಿದರು.

“ಯಂತ್ರಕ್ಕೆ ಗುರುತು ಇಲ್ಲದಿದ್ದರೆ ನಮಗೂ ಇಲ್ವಾ?” ಎಂದು ಅವರು ಗೌಡರನ್ನು ಕೇಳಿದರು. ಉತ್ತರಕ್ಕೆ ಕಾಯದೆ ಗುಂಡಿ ಒತ್ತಿದರು.

ಭಟ್ಟರು ಒಳಗೆ ಬಂದರು. ನೆಲದಲ್ಲಿ ನೀರಾಯಿತು. ದುಗ್ಗಮ್ಮಕ್ಕ ತಟ್ಟೆ ಮುಂದೆ ಹಿಡಿದರು.

“ತಿನ್ನಿ ಭಟ್ರೆ. ಇದು ಕದ್ದದ್ದಲ್ಲ, ಕೊಟ್ಟದ್ದು.”

ಭಟ್ಟರು ಒಂದು ಹಪ್ಪಳ ತೆಗೆದುಕೊಂಡು ಮುರಿದರು. ಒಂದು ಚೂರೂ ಬಿಡದೆ ತಿಂದರು. ಆಮೇಲೆ ಅವರು ತಲೆಯ ನೀರು ಒರೆಸಿಕೊಂಡು, ಗೌಡರ ಕಡೆ ತಿರುಗಿದರು.

“ಆದರೂ ನೋಡಿದ್ರಾ ಗೌಡ್ರೆ, ಎಷ್ಟು ಕಟ್ಟುನಿಟ್ಟಿನ ಯಂತ್ರ. ಅಧ್ಯಕ್ಷನನ್ನೇ ಬಿಡಲಿಲ್ಲ.”